ಅಂಗಿ ಕಿಸೆಯ ಕ್ಯಾಮೆರಾ, ಹೆಗಲ ಮೇಲಿನ ಕ್ಯಾಮೆರಾ: ಒಂದು ತಿಂಗಳು ಎರಡನ್ನೂ ಹಿಡಿದು ತಿರುಗಿದೆ, ಈಗ ಏನು ಮಾಡಲಿ?

ಉಣಕಲ್ ದಂಡೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಮದುವೆ, ಕುಬಸ, ತೊಟ್ಟಿಲು ಕಾರ್ಯಕ್ರಮದ ಫೋಟೋ ತೆಗೆಯುವವನು. ಹನ್ನೊಂದು ವರ್ಷ ಆಯಿತು. ಈಗ ನನ್ನ ಹತ್ತಿರ ಎರಡು ಸೋನಿ ಎ7 ಮಾರ್ಕ್ 4 ಬಾಡಿಗಳಿವೆ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ. ಒಂದಕ್ಕೆ ಯಾವಾಗಲೂ 24-70 ಮಿ.ಮೀ. ಎಫ್/2.8 ಜೂಮ್ ಲೆನ್ಸ್, ಇನ್ನೊಂದಕ್ಕೆ 85 ಮಿ.ಮೀ. ಸೀಸನ್ ಮುಗಿದರೆ ಎರಡೂ ತಿಜೋರಿ ಸೇರುತ್ತವೆ. ಊರಿನವರ ಮದುವೆಯೆಲ್ಲ ನನ್ನ ಹಾರ್ಡ್ ಡಿಸ್ಕ್‌ನಲ್ಲಿದೆ, ನನ್ನ ಮನೆಯವರ ಫೋಟೋ ಮಾತ್ರ ಇಲ್ಲ. ಮಗಳ ಐದನೇ ಹುಟ್ಟುಹಬ್ಬದ ಫೋಟೋ ಕೂಡ ಅವಳ ಚಿಗವ್ವ ಮೊಬೈಲಿನಲ್ಲಿ ತೆಗೆದದ್ದು. ನಾಚಿಕೆಯ ಮಾತು ಅಲ್ವಾ?

ಹೋದ ತಿಂಗಳು ನಮ್ಮ ಭಾವ ತಮ್ಮ ಸೋನಿ ಆರ್‌ಎಕ್ಸ್100 ಮಾರ್ಕ್ 7 ಕೊಟ್ಟು, "ಸುಮ್ನೆ ಬಿದ್ದದ, ನೀವು ಆಡಿಸ್ರಿ" ಅಂದರು. ಅದು 2019ರ ಕಾಂಪ್ಯಾಕ್ಟ್, ಅಂದರೆ ಲೆನ್ಸ್ ಬಿಚ್ಚಲು ಬಾರದ ಸಣ್ಣ ಕ್ಯಾಮೆರಾ. ಬ್ಯಾಟರಿ, ಕಾರ್ಡ್ ಸೇರಿ 302 ಗ್ರಾಂ. ನನ್ನ ಬಾಡಿ 658 ಗ್ರಾಂ, ಅದರ ಮೇಲೆ ಲೆನ್ಸ್ 695. ಅಂದರೆ ಒಂದು ಕೆಜಿ 350 ಗ್ರಾಂ ದಾಟುತ್ತದೆ. ಇದು ಅಂಗಿ ಕಿಸೆಯಲ್ಲಿ ಹಿಡಿಯುತ್ತದೆ. ಹಿಡಿಯುತ್ತದೆ ಅಷ್ಟೇ, ಅಂಗಿ ಒಂದು ಬದಿಗೆ ಜೋತು ಬೀಳುತ್ತದೆ, ಕಾಲರ್ ಸೊಟ್ಟಗಾಗುತ್ತದೆ. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗುವಾಗ ಪಕ್ಕದವರು ಎರಡು ಸಲ ನನ್ನ ಕಿಸೆ ನೋಡಿದರು.

ಲಕ್ಕುಂಡಿಗೆ ಎರಡನ್ನೂ ಒಯ್ದೆ. ಕಾಶಿ ವಿಶ್ವನಾಥ ಗುಡಿಯ ಬಾಗಿಲವಾಡದ ಕೆತ್ತನೆ ಗೊತ್ತಲ್ಲ, ಕಲ್ಲೋ ಕಸೂತಿಯೋ ಅನ್ನುವಂಥದ್ದು. ಬೆಳಿಗ್ಗೆ ಎಂಟರ ಬಿಸಿಲಿನಲ್ಲಿ ಅದೇ ಜಾಗದಲ್ಲಿ ನಿಂತು ಎರಡರಲ್ಲೂ ತೆಗೆದೆ. ನಮ್ಮ ಲ್ಯಾಬಿನಲ್ಲಿ 12×18 ಪ್ರಿಂಟ್ ಹಾಕಿಸಿ ಕಾಟಿನ ಮೇಲೆ ಪಕ್ಕಪಕ್ಕ ಇಟ್ಟೆ. ಹೆಂಡತಿಗೆ ತೋರಿಸಿದೆ, ಅಕ್ಕನಿಗೆ ತೋರಿಸಿದೆ, ಗಿರ್ಮಿಟ್ ಅಂಗಡಿಯ ಕಾಕಾನಿಗೂ ತೋರಿಸಿದೆ. ಯಾವುದು ಯಾವುದರದ್ದು ಅಂತ ಒಬ್ಬರಿಗೂ ತಿಳಿಯಲಿಲ್ಲ. ಕಾಕಾ ಸಣ್ಣದರ ಪ್ರಿಂಟನ್ನೇ ಎತ್ತಿಕೊಂಡು "ಇದು ಸ್ವಚ್ಛ ಅದ" ಅಂದ!

ಆಮೇಲೆ ಲೆಕ್ಕ ಹಾಕಿದೆ. ಸಣ್ಣದು 20 ಮೆಗಾಪಿಕ್ಸೆಲ್, 5472×3648. ಇಂಚಿಗೆ 300 ಚುಕ್ಕೆ ಹಿಡಿದರೆ 18 ಇಂಚಿನ ಮೇಲೆ ಒಂಚೂರು. ನಮ್ಮ 12×36 ಅಲ್ಬಂನ ಅರ್ಧ ಶೀಟಿಗೆ ಅಳತೆ ಮಾಡಿ ಹೊಲಿಸಿದಂತೆ ಇದೆ. ನನ್ನದು 33 ಮೆಗಾಪಿಕ್ಸೆಲ್, 23 ಇಂಚಿನವರೆಗೂ ಹೋಗುತ್ತದೆ. ಆದರೆ ಯಾವ ಗಿರಾಕಿ 23 ಇಂಚು ಕೇಳುತ್ತಾನೆ?

ಹೀಗಾಗಿ ಎರಡನೇ ಬಾಡಿ ಮಾರಿ ಇಂಥದ್ದೊಂದು ಕಾಂಪ್ಯಾಕ್ಟ್ ತೆಗೆದುಕೊಳ್ಳಲೋ ಅಂತ ತಲೆಯಲ್ಲಿ ಹುಳ ಹೊಕ್ಕಿದೆ. ತಿಳಿದವರು ಹೇಳಿ.

ಲೈನ್ ಬಜಾರ್, ಧಾರವಾಡ

ಮೊಬೈಲ್ ಸಾಕಲ್ವಾ ಸರ್? ಎರಡನ್ನೂ ಬಿಡಿ.

ಗದಗ ಬೆಳಕು

ಬಿಸಿಲಿನಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಕ್ಯಾಮೆರಾನೂ ಪಾಸಾಗುತ್ತವೆ ಸರ್. ದೀಪ ಹಚ್ಚಿದ ಮೇಲೆ ನೋಡಬೇಕು.

ನಿಮ್ಮ ದೊಡ್ಡ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಫಲಕ, 36×24 ಮಿ.ಮೀ. ಅಂದರೆ 864 ಚದರ ಮಿ.ಮೀ. ಸಣ್ಣದರದ್ದು ಹೆಸರಿಗೆ ಒಂದು ಇಂಚು, ಅಳತೆ 13.2×8.8. ಗುಣಿಸಿದರೆ 116. ಏಳು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಮಳೆ ಬರುವಾಗ ಅಂಗಳದಲ್ಲಿ ಪರಾತ ಇಟ್ಟರೆ ಎಷ್ಟು ನೀರು, ವಾಟಿ ಇಟ್ಟರೆ ಎಷ್ಟು ನೀರು? ಜೋರು ಮಳೆಯಲ್ಲಿ ಎರಡೂ ತುಂಬುತ್ತವೆ. ತುಂತುರು ಬಂದಾಗ ವಾಟಿಯ ತಳ ಒದ್ದೆಯಾದರೆ ಪುಣ್ಯ. ಅದರ ಮೇಲೆ ಸಣ್ಣದರ ಲೆನ್ಸ್ 24 ಮಿ.ಮೀ. ನೋಟದಲ್ಲಿ ಎಫ್/2.8 ಇದ್ದರೂ ಜೂಮ್ ಮಾಡಿ 200ಕ್ಕೆ ಹೋಗುವಷ್ಟರಲ್ಲಿ ಎಫ್/4.5 ಆಗಿರುತ್ತದೆ. ಎಫ್ ಸಂಖ್ಯೆ ಏರಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ.

ಮೊಬೈಲ್ ಅಂದವರಿಗೆ: ಮೊಬೈಲ್ ಹಲವು ಫ್ರೇಮ್ ತೆಗೆದು ಕೂಡಿಸಿ ಒಂದು ಮಾಡುತ್ತದೆ. ಸುಮ್ಮನೆ ಕೂತವರ ಫೋಟೋಗೆ ಅದು ಭಾಳ ಚೆನ್ನ. ಕೂಸು ಓಡಾಡಲು ಶುರು ಮಾಡಿತೋ, ಕೈ ಎರಡು ಕಡೆ ಕಾಣುತ್ತದೆ.

ಉಣಕಲ್ ದಂಡೆ, ಹುಬ್ಬಳ್ಳಿ

ಗದಗ ಬೆಳಕು ಸರ್, ನಿಮ್ಮ ಮಾತು ಕೇಳಿ ಅಮಾವಾಸ್ಯೆ ದಿನ ಮಾಡಿ ನೋಡಿದೆ.

ದೇವರ ಕೋಣೆಯ ಬಲ್ಬ್ ಆರಿಸಿ ಬರೀ ಎರಡು ಸಮೆ ಹಚ್ಚಿದೆ. ಹೆಂಡತಿ ಇಳಕಲ್ ಸೀರೆ ಉಟ್ಟಿದ್ದಳು. ಎರಡೂ ಕ್ಯಾಮೆರಾ 24ರಲ್ಲಿ, ಎಫ್/2.8, ಸೆಕೆಂಡಿನ 1/60, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 6400. ಹಿಂದಿನ ಪರದೆಯಲ್ಲಿ ಎರಡೂ ಒಂದೇ ಥರ. ಪ್ರಿಂಟ್ ಬಂದ ಮೇಲೆ ಬಣ್ಣ ಬಯಲಾಯಿತು. ದೊಡ್ಡದರಲ್ಲಿ ಸೀರೆಯ ದಡಿಯ ಎಳೆ ಎಣಿಸಬಹುದು, ಸೆರಗಿನ ತೋಪು ತೆನೆ ಒಂದೊಂದೂ ಬೇರೆ ಬೇರೆ. ಸಣ್ಣದರಲ್ಲಿ ದಡಿ ಒಂದು ಕೆಂಪು ಪಟ್ಟಿ, ಅಷ್ಟೇ. ಅದರ ಮೇಲೆ ಯಾರೋ ರವೆ ಚೆಲ್ಲಿದ ಹಾಗೆ. ರವೆ ತೆಗೆಯಲು ಕಂಪ್ಯೂಟರಿನಲ್ಲಿ ನಾಯ್ಸ್ ಕಡಿಮೆ ಮಾಡಿದೆ. ರವೆ ಹೋಯಿತು, ಗಂಜಿ ಆಯಿತು. ಕೆನ್ನೆಯ ಮೇಲಿನ ಅರಿಷಿಣ ಕೂಡ ತೊಳೆದುಹೋದ ಹಾಗೆ ಮಂಕು.

ಈ ಸಲ ಗಿರ್ಮಿಟ್ ಕಾಕಾ ಒಂದೇ ನೋಟಕ್ಕೆ ಹೇಳಿದ.

ಕೊಪ್ಪೀಕರ್ ರೋಡ್ ಹಳಬ

ತಮ್ಮಾ, ನಾನು ರೋಲ್ ಕಾಲದಿಂದ ಮದುವೆ ತೆಗೆದವನು. ಒಂದು ಮಾತು ಹೇಳುತ್ತೇನೆ. ಬಾಡಿ ಮಾರುವ ಯೋಚನೆ ಬಿಡು.

ಸೆನ್ಸರ್, ಮೆಗಾಪಿಕ್ಸೆಲ್ ಎಲ್ಲ ಆಮೇಲೆ. ನಿನ್ನ ಎ7ರಲ್ಲಿ ಎರಡು ಕಾರ್ಡ್ ಹಾಕಲು ಬರುತ್ತದೆ. ಒಂದೇ ಫೋಟೋ ಎರಡೂ ಕಾರ್ಡಿಗೆ ಹೋಗುತ್ತದೆ. ಕಿಸೆ ಕ್ಯಾಮೆರಾದಲ್ಲಿ ಒಂದೇ ಕಾರ್ಡ್. ನನ್ನ ಹಳೆಯ ಒಂದು ಕ್ಯಾಮೆರಾದಲ್ಲಿ ಒಂದೇ ಕಾರ್ಡ್ ಇತ್ತು. ಗದಗ ಕಡೆ ಒಂದು ಮದುವೆ. ಅಕ್ಕಿಕಾಳು ಬಿದ್ದ ಕ್ಷಣದಿಂದ ಊಟದ ಪಂಕ್ತಿ ತನಕ ಎಲ್ಲ ಒಂದೇ ಕಾರ್ಡಿನಲ್ಲಿ. ಸಂಜೆ ಕಂಪ್ಯೂಟರಿಗೆ ಹಾಕಿದರೆ ಕಾರ್ಡ್ ಖಾಲಿ ಅಂತ ತೋರಿಸಿತು. ರಾತ್ರಿಯೆಲ್ಲ ರಿಕವರಿ ಸಾಫ್ಟ್‌ವೇರ್ ಓಡಿಸಿ ಮುಕ್ಕಾಲು ಪಾಲು ಎತ್ತಿದೆ. ತಾಳಿ ಕಟ್ಟುವ ಹೊತ್ತಿನದು ಮಾತ್ರ ಸಿಗಲಿಲ್ಲ. ಹುಡುಗಿಯ ಅಪ್ಪನ ಮುಂದೆ ನಿಂತು ಅದನ್ನು ಹೇಳಿದ್ದು ಇವತ್ತಿಗೂ ನೆನಪಾದರೆ ಊಟ ಸೇರುವುದಿಲ್ಲ. ಎರಡು ಬಾಡಿ ಇಟ್ಟುಕೊಳ್ಳುವುದೂ ಅದಕ್ಕೇ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ.

ಇನ್ನೊಂದು ವಿಷಯ. ಮಂಟಪದಲ್ಲಿ ಸಣ್ಣ ಕ್ಯಾಮೆರಾ ಹಿಡಿದವನಿಗೆ ಯಾರೂ ದಾರಿ ಬಿಡುವುದಿಲ್ಲ. ದೊಡ್ಡ ಕ್ಯಾಮೆರಾ, ಮೇಲೊಂದು ಫ್ಲಾಶ್ ಇದ್ದರೆ "ಫೋಟೋದವ್ರು ಬಂದ್ರು, ಸರೀರಿ" ಅಂತ ತಾವಾಗಿ ಸರಿಯುತ್ತಾರೆ. ಆರ್‌ಎಕ್ಸ್100 ಮಾರ್ಕ್ 7ಕ್ಕೆ ಹೊರಗಿನ ಫ್ಲಾಶ್ ಕೂರಿಸಲು ಜಾಗವೇ ಇಲ್ಲ, ಒಳಗಿನಿಂದ ಎದ್ದು ಬರುವ ಚಿಕ್ಕದೊಂದಿದೆ.

ಉಣಕಲ್ ದಂಡೆ, ಹುಬ್ಬಳ್ಳಿ

ಸತ್ಯ ಸರ್. ಒಂದು ಕುಬಸಕ್ಕೆ ಬೇಕಂತಲೇ ಮೊದಲು ಸಣ್ಣದನ್ನು ತೆಗೆದೆ. ಹುಡುಗಿಯ ಕಾಕಾ ಬಂದು ಹೆಗಲ ಮೇಲೆ ಕೈ ಇಟ್ಟು, "ಏನ್ ತಮ್ಮಾ, ರೊಕ್ಕಾ ದೊಡ್ಡದು ಕ್ಯಾಮೆರಾ ಸಣ್ಣದು?" ಅಂದರು. ತೆಪ್ಪಗೆ ಬ್ಯಾಗ್ ಬಿಚ್ಚಿದೆ.

ಸಾಧನಕೇರಿ ಮಳೆ, ಧಾರವಾಡ

ನಾನು ಮದುವೆಯವಳಲ್ಲ, ಹಾಡು ಕೇಳುವವಳು. ನನ್ನ ಅನುಭವ ಪೂರ್ತಿ ಉಲ್ಟಾ.

ನಮ್ಮ ಧಾರವಾಡದಲ್ಲಿ ಬೈಠಕ್ ಅಂದರೆ ನಲವತ್ತು ಜನ, ಒಂದು ಜಮಖಾನೆ. ಗಾಯಕರು ಆರು ಅಡಿ ದೂರ. ಆಲಾಪ ನಡೆದಾಗ ತಂಬೂರಿಯ ಸದ್ದು ಬಿಟ್ಟರೆ ಉಸಿರೂ ಕೇಳುತ್ತದೆ. ಅಂಥಲ್ಲಿ ಒಬ್ಬರು ದೊಡ್ಡ ಕ್ಯಾಮೆರಾ ತಂದು ಖಟ್, ಖಟ್ ಅಂತ ಶುರು ಮಾಡಿದರು. ಗಾಯಕರು ಕಣ್ಣು ತೆರೆದು ಒಂದು ಸಲ ನೋಡಿದರು, ಅಷ್ಟೇ. ಅವರು ಸದ್ದಿಲ್ಲದ ಶಟರ್‌ಗೆ ಬದಲಿಸಿದರು. ಸದ್ದು ನಿಂತಿತು. ಆದರೆ ಮರುದಿನ ಫೋಟೋ ಕಳಿಸಿದಾಗ ಗಾಯಕರ ಬಿಳಿ ಅಂಗಿಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ! ಎಲ್‌ಇಡಿ ದೀಪದ ಕಾಟ.

ಕಾರಣ ಇಷ್ಟು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಡೀ ಚಿತ್ರವನ್ನು ಒಂದೇ ಸಲ ಓದುವುದಿಲ್ಲ, ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಓದುವ ನಡುವೆ ದೀಪ ಏರಿಳಿದರೆ ಪಟ್ಟೆ. ಶಟರ್ ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಎಷ್ಟೋ ತಪ್ಪುತ್ತದೆ.

ಈ ಕಿಸೆ ಕ್ಯಾಮೆರಾಗಳಲ್ಲಿ ಮೆಕ್ಯಾನಿಕಲ್ ಶಟರ್ ಲೆನ್ಸಿನ ಒಳಗೇ ಇರುತ್ತದೆ, ಪುಟ್ಟ ಎಲೆಗಳ ಹಾಗೆ. ತೆರೆದು ಮುಚ್ಚಿದರೆ ಗಡಿಯಾರದ ಟಿಕ್‌ನಷ್ಟೂ ಸದ್ದಿಲ್ಲ. ಪಟ್ಟೆಯ ತಾಪತ್ರಯವೂ ಕಡಿಮೆ. ತೊಡೆಯ ಮೇಲಿಟ್ಟು, ಪರದೆ ಮೇಲಕ್ಕೆ ತಿರುಗಿಸಿ, ತಾಳ ಹಾಕುತ್ತಲೇ ತೆಗೆಯುತ್ತೇನೆ. ನಾಯ್ಸ್ ಬರುತ್ತದೆ, ಬರಲಿ. ಸಮ್, ಅಂದರೆ ತಾಳದ ಮೊದಲ ಪೆಟ್ಟು ಬಂದಾಗ ತಬಲಾದವರ ಮುಖದಲ್ಲಿ ಮೂಡುವ ನಗು ಸಿಗುತ್ತದಲ್ಲ.

ಏಲಕ್ಕಿ ಹಾರ, ಹಾವೇರಿ

ಹೋರಿ ಹಬ್ಬದ ಬಗ್ಗೆ ಯಾರೂ ಹೇಳಲಿಲ್ಲ ನೋಡಿ!

ದೀಪಾವಳಿ ಆದ ಮೇಲೆ ನಮ್ಮ ಕಡೆ ಹೋರಿ ಬೆದರಿಸುವುದು ಶುರು. ಕೊಬ್ಬರಿ ಸರ, ಬಲೂನು, ಜೂಲಾ ಹಾಕಿಕೊಂಡು ಹೋರಿ ಬಿಟ್ಟ ಬಾಣದ ಹಾಗೆ ಬರುತ್ತದೆ. ಎರಡೂ ಕಡೆ ಜನ. ಕೊಬ್ಬರಿ ಹರಿಯಲು ಹುಡುಗರು ಮುಗಿಬೀಳುತ್ತಾರೆ. ಆ ದೃಶ್ಯ ಕಣ್ಣಿಗೆ ಬೀಳುವುದು ಮೂರು ಸೆಕೆಂಡ್.

ಸಣ್ಣ ಕ್ಯಾಮೆರಾ ಇಲ್ಲಿ ಸೋಲುತ್ತದೆ ಅಂತ ನೀವೆಲ್ಲ ಅಂದುಕೊಂಡಿರಬಹುದು. ನಾನೂ ಅಂದುಕೊಂಡಿದ್ದೆ. ಗೆಳೆಯನ ಕೈಯಲ್ಲಿ ಇದೇ ಆರ್‌ಎಕ್ಸ್100 ಮಾರ್ಕ್ 7 ಇತ್ತು. ಅದು ಸೆಕೆಂಡಿಗೆ 20 ಫೋಟೋ ತೆಗೆಯುತ್ತದೆ, ಫೋಕಸ್ ಹೋರಿಯ ಜೊತೆಗೇ ಓಡುತ್ತದೆ. ಎ7 ಮಾರ್ಕ್ 4 ಸೆಕೆಂಡಿಗೆ 10, ಕಂಪ್ರೆಸ್ ಮಾಡದ ರಾ (ಕಚ್ಚಾ ಫೈಲ್) ಇಟ್ಟರೆ ಇನ್ನೂ ಕಡಿಮೆ. ಸಣ್ಣದರ ಸೆನ್ಸರ್ ಪದರದ ಮೇಲೆ ಪದರ ಇರುವ ಜಾತಿಯದು, ಸಾಲುಗಳನ್ನು ಭಾಳ ಬೇಗ ಓದುತ್ತದೆ. ಮಟಮಟ ಮಧ್ಯಾಹ್ನ, ಬೆಳಕಿಗೇನು ಕೊರತೆ? ಅವನ ಹೋರಿಯ ಕಾಲುಗಳು ಚಾಕುವಿನಷ್ಟು ಚೂಪಾಗಿ ಬಂದವು.

ಸೋತದ್ದು ಬೇರೆ ಕಡೆ. ಹೋರಿ ಎಷ್ಟು ಸ್ಪಷ್ಟವೋ ಹಿಂದಿನ ಟ್ರ್ಯಾಕ್ಟರ್, ಫ್ಲೆಕ್ಸ್, ಮರ ಹತ್ತಿದ ಹುಡುಗ, ಹಲ್ಲು ಕಿರಿಯುವ ಅವನ ತಮ್ಮ ಎಲ್ಲ ಅಷ್ಟೇ ಸ್ಪಷ್ಟ. ಹೋರಿ ಎಲ್ಲಿದೆ ಅಂತ ಹುಡುಕಬೇಕು. ಅದರ ಎಫ್/4.5 ಅಂದರೆ ಹಿನ್ನೆಲೆ ಮಸುಕು ಮಾಡುವ ವಿಷಯದಲ್ಲಿ ದೊಡ್ಡ ಸೆನ್ಸರಿನ ಎಫ್/12ಕ್ಕೆ ಸಮ. ನನ್ನ 70-200 ಎಫ್/2.8ರಲ್ಲಿ ಹೋರಿ ಒಂದೇ ಎದ್ದು ಬಂದಿತ್ತು, ಮೂಗಿನ ಹೊಳ್ಳೆಯ ಹನಿ ಸಮೇತ.

ಆದರೆ ಹೋರಿ ದಿಕ್ಕು ಬದಲಿಸಿ ನಮ್ಮ ಕಡೆಗೇ ಬಂದಾಗ ಅವನು ಕ್ಯಾಮೆರಾ ಕಿಸೆಗೆ ತುರುಕಿ ಟ್ರಾಲಿ ಹತ್ತಿದ. ನನ್ನ ಕೊರಳಲ್ಲಿ ಎರಡೂವರೆ ಕೆಜಿ ತೂಗಾಡುತ್ತಿತ್ತು. ಮೊಣಕೈ ತರಚಿಕೊಂಡು, ಲೆನ್ಸ್ ಹುಡ್ ಒಡೆದುಕೊಂಡು ಹೆಂಗೋ ಹತ್ತಿದೆ. ಹೋಗುವವರು ದಯಮಾಡಿ ಎತ್ತರದ ಜಾಗದಿಂದಲೇ ತೆಗೆಯಿರಿ. ನೆಲದ ಮೇಲೆ ನಿಲ್ಲುವುದು ಹುಡುಗಾಟದ ಮಾತಲ್ಲ.

ಮಾಗಡಿ ಹಕ್ಕಿ, ಶಿರಹಟ್ಟಿ

ಹಕ್ಕಿ ನೋಡುವವರಿಗೆ ಈ ಚರ್ಚೆಯೇ ಬೇಡ. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುತ್ತವೆ, ಹಿಮಾಲಯ ದಾಟಿ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸಾರ್ ಪಟ್ಟಿಗೂ ಸೇರಿತು ನಮ್ಮ ಕೆರೆ. ಹಕ್ಕಿ ನೀರಿನ ನಡುವೆ ಕೂರುತ್ತವೆ. 200ರಲ್ಲಿ ತೆಗೆದರೆ ಕೆರೆಯ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ. 600 ಬೇಕೇ ಬೇಕು. ನನ್ನ 200-600 ಲೆನ್ಸ್ ಒಂದೇ ಎರಡು ಕೆಜಿಗಿಂತ ಜಾಸ್ತಿ. ಹೊತ್ತು ಹೊತ್ತು ಬಲಗಡೆ ಹೆಗಲು ತಗ್ಗಿದೆ ಅಂತ ಮನೆಯಲ್ಲಿ ನಗುತ್ತಾರೆ.

ಲೈನ್ ಬಜಾರ್, ಧಾರವಾಡ

ನಿಕಾನ್ ಪಿ1000 ತಗೊಳ್ಳಿ. ಒಂದೇ ಕ್ಯಾಮೆರಾ, ಲೆನ್ಸ್ ಬದಲಿಸುವ ಗೋಜಿಲ್ಲ, 3000 ಮಿ.ಮೀ. ತನಕ ಜೂಮ್. ಚಂದ್ರನ ಕುಳಿ ಕಾಣುತ್ತದೆ.

ಮಾಗಡಿ ಹಕ್ಕಿ, ಶಿರಹಟ್ಟಿ

ತಮ್ಮಾ, ಅದು 1400 ಗ್ರಾಂ ಮೇಲೆ. ಕಿಸೆಯಲ್ಲಿ ಹಿಡಿಯಬೇಕಾದರೆ ಕಿಸೆ ನನ್ನ ಅಜ್ಜನ ಕೋಟಿನದು ಆಗಬೇಕು. ಸೆನ್ಸರ್ ಮೊಬೈಲಿನ ಲೆಕ್ಕದ್ದು. ಚಂದ್ರ ಕಾಣುತ್ತಾನೆ, ನಿಜ. ಬೆಳಗಿನ ಆರೂವರೆಯ ಬೆಳಕಿನಲ್ಲಿ ಹಾರುವ ಹೆಬ್ಬಾತು ಹಿಡಿದು ತೋರಿಸು, ಮಿರ್ಚಿ ನನ್ನ ಲೆಕ್ಕ.

ಗದಗ ಬೆಳಕು

ಕಾಂಪ್ಯಾಕ್ಟ್ ಅಂದರೆ ಒಂದೇ ಜಾತಿ ಅಲ್ಲ. ಉಣಕಲ್ ದಂಡೆಯವರಿಗೆ ಮನೆ, ಮಗಳು, ಓಣಿ ಇಷ್ಟೇ ಬೇಕಿದ್ದರೆ ಜೂಮ್ ಯಾಕೆ? ರಿಕೋ ಜಿಆರ್ 3 ನೋಡಿ. 257 ಗ್ರಾಂ, ಆರ್‌ಎಕ್ಸ್‌ಗಿಂತ ಹಗುರ. ಆದರೆ ಸೆನ್ಸರ್ ಎಪಿಎಸ್-ಸಿ ಅನ್ನುವ ಅಳತೆಯದು, ಒಂದು ಇಂಚಿನದಕ್ಕಿಂತ ಮೂರು ಪಟ್ಟು ದೊಡ್ಡದು. ಸಮೆಯ ಬೆಳಕಿನಲ್ಲಿ ದಡಿ ಉಳಿಯುತ್ತದೆ. ಲೆನ್ಸ್ ಒಂದೇ, 28ರ ನೋಟ. ಹತ್ತಿರ ಬೇಕೆಂದರೆ ಕಾಲಿನಿಂದ ನಡೆಯಬೇಕು. ಫ್ಲಾಶ್ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಬ್ಯಾಟರಿ 200 ಫೋಟೋಗೆ ಸುಸ್ತು. ಒಂದು ಬ್ಯಾಟರಿ ಜಾಸ್ತಿ ಇಟ್ಟುಕೊಳ್ಳಲೇಬೇಕು.

ಫುಜಿ ಎಕ್ಸ್100 ಮಾರ್ಕ್ 6 ಬಗ್ಗೆ ಎಲ್ಲರೂ ಮಾತಾಡುತ್ತಾರೆ. 40 ಮೆಗಾಪಿಕ್ಸೆಲ್, ಎಫ್/2, ನೋಡಲು ಹಳೆ ಕಾಲದ ಕ್ಯಾಮೆರಾ ಹಾಗೆ ಚಂದ. 521 ಗ್ರಾಂ. ಅದು ಚೀಲದ ಕ್ಯಾಮೆರಾ, ಕಿಸೆಯದಲ್ಲ.

ಕೊಪ್ಪೀಕರ್ ರೋಡ್ ಹಳಬ

ಕಿಸೆ ಅಂದಿರಿ, ನೆನಪಾಯಿತು. ನನ್ನ ಹತ್ತಿರವೂ ಒಂದು ಕಿಸೆ ಕ್ಯಾಮೆರಾ ಇತ್ತು. ಯಾವ ಕಂಪನಿ ಅಂತ ಹೇಳುವುದಿಲ್ಲ, ತಪ್ಪು ಅದರದ್ದಲ್ಲ. ಅಂಗಿ ಕಿಸೆಯಲ್ಲಿ ಅಡಿಕೆ ಚೂರು ಇಟ್ಟುಕೊಳ್ಳುವ ಚಾಳಿ ನನಗೆ. ಒಂದು ದಿನ ಬಟನ್ ಒತ್ತಿದರೆ ಲೆನ್ಸ್ ಅರ್ಧ ಹೊರಗೆ ಬಂದು ಕರ್ರ್ ಅಂತ ನಿಂತುಬಿಟ್ಟಿತು. ಮುಂದೆ ಹೋಗುವುದಿಲ್ಲ, ಹಿಂದೆ ಸರಿಯುವುದಿಲ್ಲ. ಬಿಚ್ಚುವವನು ಭೂತಗನ್ನಡಿ ಹಾಕಿಕೊಂಡು ಚಿಮಟಿಗೆಯಿಂದ ಒಂದು ಚೂರು ಎತ್ತಿ ಮೇಜಿನ ಮೇಲಿಟ್ಟ. "ಸರ್, ಇದು ನಿಮ್ದ?" ಅಂದ.

ನಗಬೇಡಿ. ಎ7ರಂಥ ಮಿರರ್‌ಲೆಸ್‌ನಲ್ಲಿ ಧೂಳು ಕೂತರೆ ಲೆನ್ಸ್ ಬಿಚ್ಚಿ ಬ್ಲೋವರ್ ಹೊಡೆಯಬಹುದು. ಇವುಗಳ ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಪಂಪಿನ ಹಾಗೆ ಗಾಳಿ ಎಳೆಯುತ್ತದೆ. ಗಾಳಿಯ ಜೊತೆ ಧೂಳು. ಸೆನ್ಸರ್ ತನಕ ಹೋದರೆ ಇಡೀ ಕ್ಯಾಮೆರಾ ಬಿಚ್ಚಬೇಕು. ದೇವರಗುಡ್ಡದಲ್ಲಿ ಭಂಡಾರ ಹಾರಿಸುವಾಗ, ರಂಗಪಂಚಮಿ ದಿನ ದುರ್ಗದಬೈಲಿನಲ್ಲಿ ಕಿಸೆ ಕ್ಯಾಮೆರಾ ತೆರೆಯಲೇಬೇಡಿ.

ಸಾಧನಕೇರಿ ಮಳೆ, ಧಾರವಾಡ

ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಕಿಸೆ. ನಾನು ಮಾಡುವುದು ಅದೇ. ಉಣಕಲ್ ದಂಡೆಯವರೇ, ಕೊನೆಗೆ ಏನು ಮಾಡಿದಿರಿ?

ಉಣಕಲ್ ದಂಡೆ, ಹುಬ್ಬಳ್ಳಿ

ತಡವಾಯಿತು, ಕ್ಷಮಿಸಿ. ಎರಡನೇ ಬಾಡಿ ಮಾರುವುದಿಲ್ಲ. ಹಳಬರ ಕಾರ್ಡಿನ ಕಥೆ ಓದಿದ ರಾತ್ರಿಯೇ ಆ ಆಸೆ ಸತ್ತಿತು. ಕಾಂಪ್ಯಾಕ್ಟ್ ದುಡಿಮೆಗಲ್ಲ, ಮನೆಗೆ. ರೊಕ್ಕಾ ಬೇರೆ ಕಡೆಯಿಂದ ಹೊಂದಿಸುತ್ತೇನೆ. ಅಷ್ಟು ಗಟ್ಟಿ ಆದದ್ದು ಅಣ್ಣಿಗೇರಿಯಲ್ಲಿ.

ಅಕ್ಕನ ಮನೆಗೆ ಹೋಗಿದ್ದೆ. ಭಾವನ ಅವ್ವ, ನಾವೆಲ್ಲ ಆಯಿ ಅನ್ನುತ್ತೇವೆ, ಪಡಸಾಲೆಯ ಕಂಬಕ್ಕೆ ಒರಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೊದಲು ದೊಡ್ಡ ಕ್ಯಾಮೆರಾ ಎತ್ತಿದೆ. ಮೊರ ಪಕ್ಕಕ್ಕೆ ಹೋಯಿತು. ಸೆರಗು ತಲೆ ಮೇಲೆ ಬಂತು. ಎರಡೂ ಕೈ ಮಂಡಿಯ ಮೇಲೆ. "ಹಲ್ಲು ಕಾಣಸ್ತಾವೇನು?" ಅಂತ ತುಟಿ ಬಿಗಿದುಕೊಂಡರು. ಗೋಡೆಯ ಮೇಲೆ ಹಾರ ಹಾಕಿಡುವ ಫೋಟೋ ಹಾಗೆ ಬಂತು. ಆಯಿ ಅದನ್ನು ನೋಡಿ ಖುಷಿಪಟ್ಟರು. ನನಗೆ ಸಮಾಧಾನ ಆಗಲಿಲ್ಲ.

ಚಹಾ ಕುಡಿದ ಮೇಲೆ ಕಿಸೆಯಿಂದ ಸಣ್ಣದನ್ನು ತೆಗೆದು ಸುಮ್ನೆ ಕೈಯಲ್ಲಿ ಹಿಡಿದುಕೊಂಡು ಕೂತೆ. ಆಯಿ ನೋಡಿದರು. ಮೊಬೈಲ್ ಅಂದುಕೊಂಡರೋ ಏನೋ, ಮತ್ತೆ ಮೊರ ತೊಡೆ ಮೇಲೆ ಎಳೆದುಕೊಂಡರು. ಮಾತಾಡುತ್ತ, ಮಾತಾಡುತ್ತ ಕಲ್ಲು ಆರಿಸಿದರು. ನನ್ನ ಮಗಳು ಒಂದು ಹಿಡಿ ಜೋಳ ಎತ್ತಿ ಮತ್ತೆ ಮೊರಕ್ಕೆ ಸುರಿದಳು. ಆಯಿ ಅವಳ ಕೈಗೆ ಒಂದು ಮೆತ್ತಗೆ ಹೊಡೆದು ನಕ್ಕರು. ಬಾಯಲ್ಲಿ ಎರಡೇ ಹಲ್ಲು. ಸೆರಗು ಹೆಗಲ ಮೇಲಿತ್ತು, ಬಿಳಿ ಕೂದಲಿಗೆ ಬಾಗಿಲಿನ ಬೆಳಕು. ಕೆಳಗೆ ಬೀಳುವ ಜೋಳದ ಕಾಳು ಗೆರೆಗೆರೆಯಾಗಿ ಬಂದಿವೆ, ಶಟರ್ 1/125 ಇತ್ತು. ದೊಡ್ಡದರಲ್ಲಿ ತೆಗೆದಿದ್ದರೆ ಇನ್ನೂ ಚೆನ್ನಾಗಿ ಬರುತ್ತಿತ್ತು ಅಂತ ನನಗೂ ಗೊತ್ತು. ದೊಡ್ಡದು ಹೊರಗಿದ್ದರೆ ಆ ಮೊರ ಅಲ್ಲಿ ಇರುತ್ತಿರಲಿಲ್ಲ.

12×18 ಪ್ರಿಂಟ್ ಹಾಕಿಸಿ ಭಾವನಿಗೆ ಕೊಟ್ಟೆ. ಭಾವ ಭಾಳ ಹೊತ್ತು ನೋಡಿದರು. "ಇದು ನನ್ನ ಕ್ಯಾಮೆರಾದಾಗ ತೆಗದದ್ದ?" ಅಂದರು. ಹೌದು ಅಂದೆ. ಮೂರು ವರ್ಷ ತಿಜೋರಿಯಲ್ಲಿ ಇಟ್ಟಿದ್ದ ಕ್ಯಾಮೆರಾ, ಬೇಕಿದ್ದರೆ ನೀವೇ ಇಟ್ಟುಕೊಳ್ಳಿ ಅಂತ ತಾವೇ ಹೇಳಿದ್ದರು. ಮರುದಿನ ಬೆಳಿಗ್ಗೆ ಫೋನ್ ಬಂತು. "ಕ್ಯಾಮೆರಾ ಚಾರ್ಜರ್ ಸಮೇತ ಕಳಸ್ರಿ, ಅವ್ವ ಇನ್ನೊಂದು ತೆಗಿ ಅನ್ನಾಕತ್ತಾಳ."

ಹೀಗಾಗಿ ಈಗ ನನ್ನ ಕೈ ಖಾಲಿ. ಜಿಆರ್ 3 ಆಗಲಿ, ಆರ್‌ಎಕ್ಸ್100 ಆಗಲಿ, ಹುಬ್ಬಳ್ಳಿ-ಧಾರವಾಡ ಸುತ್ತ ಯಾರಾದರೂ ಸೆಕೆಂಡ್ ಹ್ಯಾಂಡ್ ಕೊಡುವವರಿದ್ದರೆ ತಿಳಿಸಿ. ಕಿಸೆಯಲ್ಲಿ ಅಡಿಕೆ ಇಟ್ಟುಕೊಳ್ಳುವವರದು ಬೇಡ.

ಕೊಪ್ಪೀಕರ್ ರೋಡ್ ಹಳಬ

ನಂದು ರಿಪೇರಿ ಆಗಿದೆ ತಮ್ಮಾ. ನೋಡುವುದಿದ್ದರೆ ಬಾ.